ಚಿಪ್ಪಿನ ವಾಸನೆ

ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರಲು ಬಾಗಿದ್ದ ವರ್ನೀಸ್‌ಳ ಮೊಣಕೈ ಹಿಡಿದು ಕ್ಲಿಯೋರಾ ಅವಳನ್ನು ಮೆಲ್ಲಗೆ ಮೇಲೆತ್ತಿದಳು. ನೋಡುವವರ ಕಣ್ಣಿಗೆ, ದುಃಖದಲ್ಲಿರುವವಳಿಗೆ ಆಸರೆ ಕೊಟ್ಟ ಹಾಗೆ ಕಾಣಬೇಕು, ಅಷ್ಟು ನಯವಾಗಿ.

"ಇದು ಮನೆಯವರ ಸಾಲು, ಸಿಸ್ಟರ್ ವರ್ನೀಸ್," ಎಂದು ಕಿವಿಯ ಹತ್ತಿರ ಹೇಳಿದಳು. "ಹಿಂದೆ ಬೇಕಾದಷ್ಟು ಜಾಗ ಇದೆ."

"ಹಾಗಾದ್ರೆ ನಾನು ಯಾರ ಮನೆಯವಳು?"

"ಇವತ್ತೊಂದಿನ ಬಿಟ್ಬಿಡು. ನನ್ನ ತಂಗೀನ ಮರ್ಯಾದೆಯಿಂದ ಕಳಿಸೋಣ."

ಶವಪೆಟ್ಟಿಗೆಯಲ್ಲಿ ಮಲಗಿದ್ದ ಇಡೆಲ್ಲಾ ಕ್ಲಿಯೋರಾಳ ಒಡಹುಟ್ಟಿದವಳು. ಆದರೆ ಬದುಕಿನ ಕೊನೆಯ ಇಪ್ಪತ್ತು ಚಿಲ್ಲರೆ ವರ್ಷ ಅವಳು ಉಂಡದ್ದು, ಮಲಗಿದ್ದು, ನಕ್ಕದ್ದು, ಕಾಯಿಲೆ ಬಿದ್ದದ್ದು ಎಲ್ಲ ವರ್ನೀಸ್‌ಳ ಮನೆಯಲ್ಲಿ. ಕಾಗದದ ಮೇಲೆ ಮಾತ್ರ ಅವಳು ಇದೇ ಚರ್ಚಿನ ಹಿರಿಯ, ಡೀಕನ್ ರೂಫಸ್ ಗ್ಯಾಡ್ಸ್‌ಡನ್‌ನ ಹೆಂಡತಿಯಾಗಿಯೇ ಉಳಿದಿದ್ದಳು. ಅವನು ವಿಚ್ಛೇದನ ಕೊಟ್ಟಿರಲಿಲ್ಲ. ಅವಳೂ ಕೋರ್ಟು ಹತ್ತುವ ಗೋಜಿಗೆ ಹೋಗಿರಲಿಲ್ಲ. ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದಾಗ ಅವಳ ಬಾಯಿಗೆ ಚಮಚದಲ್ಲಿ ನೀರು ಬಿಟ್ಟವಳು ವರ್ನೀಸ್. ಹೆಣ ಯಾರಿಗೆ ಸೇರಬೇಕು ಎಂಬ ಮಾತು ಬಂದಾಗ ಆಸ್ಪತ್ರೆಯವರು ಕರೆದದ್ದು ರೂಫಸ್‌ನನ್ನು. ಬದುಕಿದ್ದಾಗ ಒಮ್ಮೆಯೂ ಇಣುಕದವನು ಅಂದು ಹ್ಯಾಟು ಹಾಕಿಕೊಂಡು ಬಂದು ನಿಂತ.

ಈಗ ಅವನು ಮುಂದಿನ ಸಾಲಿನ ಮಧ್ಯದಲ್ಲಿ ಹೊಸ ಕರಿ ಸೂಟಿನಲ್ಲಿ ಕೂತಿದ್ದ. ಬಾಯೊಳಗಿನ ಪೆಪ್ಪರ್‌ಮಿಂಟು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳುವಾಗ ಕೆನ್ನೆ ಉಬ್ಬುತ್ತಿತ್ತು. ಕೈಯಲ್ಲಿದ್ದ ಕರವಸ್ತ್ರ ಆಗಲೇ ಒದ್ದೆಯಾಗಿತ್ತು.

ವರ್ನೀಸ್ ಹಿಂದಿನ ಸಾಲಿಗೆ ಹೋಗಿ ಮೋಝೆಲ್‌ಳ ಪಕ್ಕ ಕೂತಳು. ಮೋಝೆಲ್ ಸಿಂಪಿ ಬಿಡಿಸುವ ಕಾರ್ಖಾನೆಯ ಹಳೆಯ ಗೆಳತಿ. ಮೈ ದಪ್ಪ, ನಾಲಿಗೆ ಹರಿತ.

"ಪೆಟ್ಟಿಗೆ ಹತ್ರ ಹೋಗಿದ್ಯಾ?" ಎಂದು ಮೋಝೆಲ್ ಕೇಳಿದಳು. "ಶೀಸೆಗಟ್ಲೆ ಸೆಂಟು ಸುರಿಸಿದಾನೆ ಕಣೇ ರೂಫಸ್. ಅವನೇ ತಂದುಕೊಟ್ಟನಂತೆ. ಕೈಗೆ ಬಿಳೀ ಲೇಸಿನ ಗ್ಲೌಸು ಬೇರೆ."

ವರ್ನೀಸ್ ನೋಡಿ ಬಂದಿದ್ದಳು. ಗ್ಲೌಸಿನ ಒಳಗೆ ಇದ್ದದ್ದು ಚೂರಿ ತಗುಲಿ ತಗುಲಿ ಗಂಟುಗಟ್ಟಿದ ಕೈ. ಆ ಒಂದೊಂದು ಗಾಯದ ಗುರುತೂ ಅವಳಿಗೆ ಕತ್ತಲಲ್ಲಿ ಮುಟ್ಟಿದರೂ ತಿಳಿಯುತ್ತಿತ್ತು. ಇಡೆಲ್ಲಾ ಜನ್ಮದಲ್ಲಿ ಸೆಂಟು ಹಾಕಿಕೊಂಡವಳಲ್ಲ. ಬಾಡುತ್ತಿದ್ದ ಹೂಗುಚ್ಛಗಳ ನಡುವೆ, ಮುಚ್ಚಿದ ಕಿಟಕಿಗಳ ಸೆಕೆಯಲ್ಲಿ, ಆ ಸಿಹಿ ವಾಸನೆ ಗಂಟಲಿಗೆ ಅಂಟುತ್ತಿತ್ತು.

*

ಕಾರ್ಖಾನೆ ಇದ್ದದ್ದು ಹಿನ್ನೀರಿನ ದಡದಲ್ಲಿ, ತಗಡಿನ ಸೂರಿನ ಕೆಳಗೆ. ದೋಣಿಯಲ್ಲಿ ಬಂದ ಸಿಂಪಿಗಳನ್ನು ಹೆಂಗಸರು ಉದ್ದನೆಯ ಕಟ್ಟೆಯ ಮುಂದೆ ನಿಂತು ಬಿಡಿಸುತ್ತಿದ್ದರು. ಎಡಗೈಯಲ್ಲಿ ಚಿಪ್ಪು, ಬಲಗೈಯಲ್ಲಿ ಗಿಡ್ಡ ಚೂರಿ. ಸಂದಿಗೆ ತೂರಿಸಿ ತಿರುವಿದರೆ ಚಿಪ್ಪು ಬಾಯಿ ಬಿಡುತ್ತಿತ್ತು, ಜಾರಿದರೆ ಅಂಗೈ ಬಾಯಿ ಬಿಡುತ್ತಿತ್ತು. ಚಳಿಗಾಲವಿಡೀ ಅದೇ ಕೆಲಸ. ಉಪ್ಪು, ಕೆಸರು, ಹಸಿ ಮಾಂಸ ಎಲ್ಲ ಬೆರೆತ ವಾಸನೆಯೊಂದು ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ ಇಳಿದುಬಿಡುತ್ತಿತ್ತು. ಆ ಕರಾವಳಿಯ ಕಪ್ಪು ಜನರ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆ ವಾಸನೆಯ ಮಡಿಲಲ್ಲೇ ಹಾಲು ಕುಡಿದವರು.

ಅಲ್ಲಿ ಇಡೆಲ್ಲಾ ಕತೆ ಹೇಳುತ್ತಿದ್ದಳು. ಯಾರೋ ಬರೆದ ಕತೆಯಲ್ಲ, ತಾನೇ ಕಟ್ಟಿದ್ದು. "ಒಬ್ಬಳಿದ್ದಳು" ಎಂದು ಶುರು. ಆ ಒಬ್ಬಳಿಗೆ ಹೆಸರಿರಲಿಲ್ಲ. ಒಂದು ಮುಂಜಾನೆ ಮನೆಯಿಂದ ಹೊರಟವಳು ಜವುಗಿನ ಅಂಚಿನಲ್ಲಿ ನಡೆಯುತ್ತಲೇ ಇದ್ದಳು. ದಾರಿಯಲ್ಲಿ ಸಿಕ್ಕವರೆಲ್ಲ ಅವಳನ್ನು ಕೇಳುವುದು ಒಂದೇ ಮಾತು: ನೀನು ಯಾರವಳು? ದೋಣಿಯವನಿಗೆ ಅವಳು ಒಂದು ಉತ್ತರ ಕೊಡುವಳು, ಪೊಲೀಸಿನವನಿಗೆ ಇನ್ನೊಂದು, ಪಾದ್ರಿಗೆ ಮತ್ತೊಂದು. ಒಂದೊಂದು ಉತ್ತರದಿಂದಲೂ ಒಂದೊಂದು ಫಜೀತಿ. ಹೆಂಗಸರು ಚೂರಿ ನಿಲ್ಲಿಸಿ ನಗುತ್ತಿದ್ದರು. ಮರುದಿನ ಏಪ್ರನ್ ಕಟ್ಟಿಕೊಳ್ಳುವ ಮೊದಲೇ ಯಾರಾದರೂ ಕೇಳುವರು, "ಇವತ್ತು ಎಲ್ಲಿಗೆ ಬಂದ್ಲೇ ಅವಳು?"

ಒಮ್ಮೆ ಕತೆಯಲ್ಲಿ ಒಬ್ಬ ಮುದುಕಿ ಸಿಕ್ಕಿ ಅದೇ ಪ್ರಶ್ನೆ ಕೇಳಿದಳು. ಇಡೆಲ್ಲಾ ಚೂರಿ ಕೆಳಗಿಟ್ಟಳು. ಆಮೇಲೆ, "ಇನ್ನೂ ನೋಡ್ತಾ ಇದ್ದೀನಿ ಅಜ್ಜಿ, ಗೊತ್ತಾದ್ರೆ ಹೇಳ್ತೀನಿ ಅಂದ್ಲು," ಎಂದಳು. ಅಂದು ಯಾರೂ ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ವರ್ನೀಸ್ ತಲೆಯೆತ್ತಿ ಅವಳ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದಳು.

ರೂಫಸ್‌ನ ಮನೆಯಲ್ಲಿ ಅವಳಿಗೆ ಬಾಯಿರಲಿಲ್ಲ. ಕೆಲಸ ಮುಗಿಸಿ ಬಂದವಳು ಮುಂಬಾಗಿಲಿಗೆ ಕಾಲಿಡುವಂತಿರಲಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಬಟ್ಟೆ ಬಿಚ್ಚಿ, ತೊಟ್ಟಿಯ ತಣ್ಣೀರಿನಲ್ಲಿ ಮೈ ಉಜ್ಜಿ, ಅಲ್ಲೇ ನೇತುಹಾಕಿದ ಬೇರೆ ಗೌನು ತೊಟ್ಟು ಒಳಗೆ ಬರಬೇಕು. ನೀರಿನ ಮೇಲೆ ಮಂಜಿನ ಪೊರೆ ಕಟ್ಟಿದ ದಿನವೂ ಅಷ್ಟೇ. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳ ಕುತ್ತಿಗೆ ಮೂಸುತ್ತಿದ್ದ. ಕೆಲವು ದಿನ, ಹೋಗು ಇನ್ನೊಂದು ಸಲ, ಎನ್ನುತ್ತಿದ್ದ. ಅವಳು ದುಡಿದು ತಂದದ್ದನ್ನು ಮಾತ್ರ ಎಂದೂ ಮೂಸಿದವನಲ್ಲ.

*

ರೆವರೆಂಡ್ ಮನಿಗೋ ಕನ್ನಡಕ ಏರಿಸಿಕೊಂಡು ಪ್ರಸಂಗ ಪೀಠಕ್ಕೆ ಬಂದರು. ಅವರು ಈ ಚರ್ಚಿಗೆ ಬಂದು ಬಹಳ ದಿನವಾಗಿರಲಿಲ್ಲ. ಇಡೆಲ್ಲಾಳ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ರೂಫಸ್ ಹೇಳಿದ್ದು. ನಮ್ಮ ಸಿಸ್ಟರ್ ಇಡೆಲ್ಲಾ ಮಾತು ಕಮ್ಮಿಯ ಹೆಂಗಸು, ಎಂದರು. ಪತಿಯ ನೆರಳಲ್ಲಿ ಸಂತೋಷ ಕಂಡವಳು, ಮನೆಯನ್ನು ಹೂವಿನಂತೆ ಇಟ್ಟವಳು. ನಡುವೆ ಕೆಲವು ಕಾಲ ಅವಳ ಹೆಜ್ಜೆ ದಾರಿ ತಪ್ಪಿತು, ಆದರೆ ಡೀಕನ್ ಅವರ ಪ್ರಾರ್ಥನೆ ಅವಳನ್ನು ಕೈಬಿಡಲಿಲ್ಲ, ಇಂದು ಅವಳು ತನ್ನ ಮನೆಗೆ ಮರಳಿದ್ದಾಳೆ.

"ಆಮೆನ್," ಎಂದಿತು ಮುಂದಿನ ಸಾಲು. ರೂಫಸ್ ತಲೆ ಬಾಗಿಸಿ ಹೆಗಲು ಕುಣಿಸಿದ. ಕ್ಲಿಯೋರಾ ಅವನ ಬೆನ್ನು ಸವರಿದಳು.

ಮಾತು ಕಮ್ಮಿಯ ಹೆಂಗಸು. ವರ್ನೀಸ್‌ಳ ಬಾಯಿಯಲ್ಲಿ ಹುಳಿ ನೀರು ಬಂತು. ಎದ್ದು, ಬೆಂಚುಗಳನ್ನು ಹಿಡಿದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು. ಓಕ್ ಮರದ ಬೇರಿನ ಮೇಲೆ ಒಂದು ಕೈಯೂರಿ, ಬೆಳಿಗ್ಗೆ ಕುಡಿದ ಕಾಫಿಯನ್ನೆಲ್ಲ ಕಾರಿದಳು.

ಮೋಝೆಲ್ ಬಂದು ಬೆನ್ನು ತಟ್ಟಿದಳು. ತನ್ನ ಗೌನಿನ ತುದಿಯಿಂದಲೇ ಅವಳ ಬಾಯಿ ಒರೆಸಿದಳು.

"ನಾನು ಮನೆಗೆ ಹೋಗ್ತೀನಿ," ಎಂದಳು ವರ್ನೀಸ್. "ಅಲ್ಲಿ ಮಲಗಿರೋದು ಅವಳಲ್ಲ. ಇವರು ಯಾರನ್ನೋ ಹೂಳ್ತಾ ಇದಾರೆ."

"ಹೋಗು. ಸಂಜೆ ಹೊತ್ತಿಗೆ ನೀನು ಅವಳ ಬಾಡಿಗೆ ಮನೆ ಯಜಮಾನಿ ಆಗಿರ್ತೀಯ. ನಾಳೆ ಪಕ್ಕದ ಬೀದಿಯವಳು. ನಾಡಿದ್ದು ಯಾರೂ ಅಲ್ಲ. ಹಾಗೆ ಆಗ್ಬೇಕು ಅಂದ್ರೆ ಹೋಗು ತಾಯಿ."

ಒಳಗಿನಿಂದ ಹಾಡು ಶುರುವಾಗಿತ್ತು. ವರ್ನೀಸ್ ಮೋಝೆಲ್‌ಳ ಕೈ ಹಿಡಿದು ಸ್ಮಶಾನದ ಕಡೆಗೆ ನಡೆದಳು.

*

ಇಡೆಲ್ಲಾ ವರ್ನೀಸ್‌ಳ ಮನೆಗೆ ಬಂದದ್ದು ಒಂದು ಇಳಿಸಂಜೆ, ಕೆಲಸದ ಬಟ್ಟೆಯಲ್ಲೇ. ಗಂಡನ ಮನೆಗೆಂದು ಹೊರಟವಳು ತಿರುವಿನಲ್ಲಿ ತಿರುಗದೆ ನೇರ ನಡೆದುಬಿಟ್ಟಿದ್ದಳು. ವರ್ನೀಸ್ ಬೆಂಡೆಕಾಯಿ ಸಾರನ್ನು ಒಲೆಯಿಂದ ಇಳಿಸುತ್ತಿದ್ದಳು. ಬಾಗಿಲಲ್ಲಿ ಅವಳನ್ನು ಕಂಡು, ಬಾ ಅಂದಳು. ಇಡೆಲ್ಲಾ ಒಳಗೆ ಬರದೆ ಹಿತ್ತಲಿನ ಪಂಪಿನ ಕಡೆ ಹೊರಟಳು.

"ಎಲ್ಲಿಗೆ ಹೊರಟೆ?"

"ಮೈ ತೊಳ್ಕೊಂಡು ಬರ್ತೀನಿ. ಒಂದು ಹಳೇ ಗೌನು ಇದ್ರೆ ಕೊಡು."

"ಸಾರು ಆರುತ್ತೆ. ಬಾ ಒಳಗೆ."

"ನಾನು ನಾರ್ತೀನಿ ಕಣೇ."

"ನಾನೇನು ಗುಲಾಬಿ ತೋಟದಲ್ಲಿ ಕೆಲಸ ಮಾಡ್ತೀನಾ?"

ಇಡೆಲ್ಲಾ ಮೆಟ್ಟಿಲ ಮೇಲೆ ಕಲ್ಲಿನ ಹಾಗೆ ನಿಂತಿದ್ದಳು. ವರ್ನೀಸ್ ಹೋಗಿ ಅವಳ ಕೈ ಹಿಡಿದು, ಆ ಅಂಗೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ಉಪ್ಪು, ಕೆಸರು, ಕಬ್ಬಿಣ. ತನ್ನ ಕೈಯದ್ದೇ ವಾಸನೆ. ಹೀಗೆ ಯಾರನ್ನಾದರೂ ಮುಟ್ಟಬೇಕೆಂಬ ಆಸೆ ತನ್ನಲ್ಲಿ ಎಷ್ಟು ಕಾಲದಿಂದ ಕೂತಿತ್ತು ಎಂಬುದು ಅವಳಿಗೂ ಆಗಲೇ ತಿಳಿದದ್ದು. ಇಡೆಲ್ಲಾ ಸದ್ದಿಲ್ಲದೆ ಅತ್ತಳು. ಆಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಬಿಸಿ ಸಾರಿಗೆ ಅನ್ನ ಹಾಕಿಕೊಂಡು ಉಂಡರು.

ಊರು ತನಗೆ ಬೇಕಾದದ್ದನ್ನೆಲ್ಲ ಆಡಿತು. ಚರ್ಚಿನ ಊಟಕ್ಕೆ ಇಡೆಲ್ಲಾ ತಂದಿಟ್ಟ ಪೈ ಮುಟ್ಟುವವರಿಲ್ಲದೆ ಮನೆಗೆ ವಾಪಸ್ಸಾಗುತ್ತಿತ್ತು. ಅಕ್ಕ ಕ್ಲಿಯೋರಾ ಅಂಗಡಿಯಲ್ಲಿ ಎದುರಾದರೆ ಬೇರೆ ಸಾಲಿಗೆ ಹೊರಳುತ್ತಿದ್ದಳು. ಕಾರ್ಖಾನೆಯ ಹೆಂಗಸರು ಮಾತ್ರ ಒಂದೇ ಒಂದು ದೂರು ಹೇಳಿದರು: ಕತೆ ನಿಂತುಹೋಯಿತು. ಕೇಳಿದರೆ ಇಡೆಲ್ಲಾ ಚಿಪ್ಪು ಬಿಡಿಸುತ್ತಲೇ, "ಅವಳು ಮನೆ ಸೇರಿದ್ಲು. ಇನ್ನೇನು ಹೇಳೋದಿದೆ?" ಎನ್ನುತ್ತಿದ್ದಳು.

*

ರೂಫಸ್ ತನಗೆಂದು ಕೊಂಡಿದ್ದ ಜಾಗದ ಪಕ್ಕದಲ್ಲೇ ಅವಳನ್ನು ಹೂಳಲಾಯಿತು. ಕಲ್ಲಿನ ಮೇಲೆ ಗ್ಯಾಡ್ಸ್‌ಡನ್ ಎಂಬ ಹೆಸರು ದೊಡ್ಡದಾಗಿತ್ತು. ವರ್ನೀಸ್ ದೂರದಲ್ಲಿ ನಿಂತು ಮಣ್ಣು ಬೀಳುವುದನ್ನು ನೋಡಿದಳು.

ಊಟ ಚರ್ಚಿನ ಹಿಂದಿನ ಸಭಾಂಗಣದಲ್ಲಿ. ಹುರಿದ ಕೋಳಿ, ಹಂದಿ ತೊಡೆಯ ಮಾಂಸ, ಟೊಮೆಟೊ ಹಾಕಿದ ಕೆಂಪನ್ನ, ಬೇಯಿಸಿದ ಸೊಪ್ಪು, ಕೇಕು. ಮಣ್ಣು ಮಾಡಿ ಬಂದವರು ಕೈ ತೊಳೆದು ಸಾಲು ನಿಂತರು. ರೂಫಸ್ ಹೆಚ್ಚು ಹೊತ್ತು ದುಃಖ ಪಟ್ಟಿದ್ದರಿಂದಲೋ ಏನೋ, ಚೆನ್ನಾಗಿ ಉಂಡ. ತುಟಿಯ ಜಿಡ್ಡನ್ನು ಅದೇ ಒದ್ದೆ ಕರವಸ್ತ್ರದಲ್ಲಿ ಒರೆಸಿಕೊಂಡ. ವರ್ನೀಸ್ ಕಣ್ಣು ತಿರುಗಿಸಿದಳು, ತಿರುಗಿಸಿದ ಕಡೆಯೂ ಯಾರೋ ಮೂಳೆ ಚೀಪುತ್ತಿದ್ದರು.

ಅಗಲಿದವರ ಬಗ್ಗೆ ಯಾರಾದರೂ ಎರಡು ಮಾತು ಹೇಳಬಹುದು ಎಂದು ರೆವರೆಂಡ್ ಕರೆದರು. ಮೊದಲು ಎದ್ದವನು ರೂಫಸ್. ತನ್ನ ಹೆಂಡತಿಯ ಶುಚಿತ್ವದ ಬಗ್ಗೆ ಮಾತಾಡಿದ. "ನನ್ನ ಇಡೆಲ್ಲಾ ಮನೆಯೊಳಗೆ ಬಂದ್ರೆ ಹೂವು ಬಂದ ಹಾಗಿರ್ತಿತ್ತು," ಎಂದು ಗದ್ಗದಿತನಾದ.

ವರ್ನೀಸ್ ಕೂತಲ್ಲಿಂದ ಎದ್ದಳು. ಅವಳನ್ನು ಹೆಸರು ಹಿಡಿದು ಯಾರೂ ಕರೆದಿರಲಿಲ್ಲ.

"ಅವಳು ಮನೆಯೊಳಗೆ ಹೇಗೆ ಬರ್ತಿದ್ಲು ಅನ್ನೋದನ್ನೂ ಹೇಳಿ, ಡೀಕನ್," ಎಂದಳು. ಧ್ವನಿ ಏರಿರಲಿಲ್ಲ. "ಕೊಟ್ಟಿಗೆ ವಿಷಯ ಹೇಳಿ. ಮಂಜು ಕಟ್ಟಿದ ನೀರಲ್ಲಿ ಬೆತ್ತಲೆ ನಿಂತು ಮೈ ಉಜ್ಜಿಕೊಂಡು ಬರ್ತಿದ್ಲು. ನೀವು ಬಾಗಿಲಲ್ಲಿ ನಿಂತು ಕುತ್ತಿಗೆ ಮೂಸಿ, ಸಾಲ್ದು ಅಂತ ಮತ್ತೆ ಕಳಿಸ್ತಿದ್ರಿ. ಹೂವಿನ ವಾಸನೆ ಇವತ್ತು ನೀವು ಸುರಿಸಿದ್ದು. ಅದು ಅವಳದ್ದಲ್ಲ."

ಸಿಸ್ಟರ್, ಇದು ಸಮಯವಲ್ಲ, ಎಂದರು ರೆವರೆಂಡ್. ಕ್ಲಿಯೋರಾ ಮುಖ ಕೆಡಿಸಿಕೊಂಡು ಎದ್ದಿದ್ದಳು, ವರ್ನೀಸ್‌ಳನ್ನು ಹೊರಗೆ ಕಳಿಸಲೆಂದೇ ಎದ್ದದ್ದು. ಅರ್ಧ ದಾರಿಯಲ್ಲಿ ನಿಂತಳು. ತಂಗಿಯ ಸಂಸಾರ ಮುರಿದದ್ದರ ಬಗ್ಗೆ ಅವಳೂ ಇಷ್ಟು ವರ್ಷ ಕೇಳಿದ್ದು ರೂಫಸ್‌ನ ಬಾಯಿಂದ ಮಾತ್ರ. ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು.

"ಚಳಿಯಲ್ಲೂನಾ, ರೂಫಸ್?"

ಅವನು ಸುಳ್ಳು ಹೇಳಬಹುದಿತ್ತು. ಆದರೆ ತಾನು ತಪ್ಪು ಮಾಡಿದ್ದೇನೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. "ಮನೆ ಅಂದ್ಮೇಲೆ ಒಂದು ಶುದ್ಧಿ ಬೇಡ್ವಾ?" ಎಂದ. "ಆ ಕಾರ್ಖಾನೆ ವಾಸನೆ ನಿಮಗೆಲ್ಲ ಗೊತ್ತೇ ಇದೆ. ಸತ್ತ ಇಲಿ ಬಿದ್ದ ಹಾಗೆ. ನೀವೇ ಹೇಳಿ, ಅದನ್ನ ಯಾರು ಹಾಸಿಗೆಗೆ ಕರ್ಕೋತಾರೆ?"

ನಗು ಬರಬಹುದೆಂದು ಸುತ್ತ ನೋಡಿದ. ಮೇಜುಗಳಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಚೂರಿಯ ಗುರುತು ಬಿದ್ದ ಅವರ ಕೈಗಳು ಮೇಜಿನ ಮೇಲೆ, ತಟ್ಟೆಗಳ ಪಕ್ಕದಲ್ಲಿ ಇದ್ದವು.

"ನಮ್ಮಮ್ಮ ಸಾಯೋವರೆಗೂ ಅಲ್ಲೇ ದುಡಿದಿದ್ದು," ಎಂದಳು ಕ್ಲಿಯೋರಾ. ರೂಫಸ್‌ನ ಪಕ್ಕದ ತನ್ನ ಕುರ್ಚಿಗೆ ಹೋಗಿ ಕೈಚೀಲ ತೆಗೆದುಕೊಂಡಳು. ಬಂದು ವರ್ನೀಸ್‌ಳ ಎದುರು ಕೂತಳು. ಅವಳ ಮುಖ ನೋಡಲು ಆಗಲಿಲ್ಲ, ಮೇಜನ್ನೇ ನೋಡುತ್ತಾ ಕೂತಳು. ವರ್ನೀಸ್ ಅವಳನ್ನು ಎಬ್ಬಿಸಲಿಲ್ಲ. ಕ್ಷಮಿಸಿದೆ ಎಂಬಂಥ ಮಾತನ್ನೂ ಆಡಲಿಲ್ಲ.

ಮೋಝೆಲ್ ಎದ್ದು ಏಪ್ರನ್ ಬಿಗಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹೆಂಗಸರು ಒಂದೊಂದೇ ಮೇಜಿನ ತಟ್ಟೆ ತೆಗೆದರು, ಮೂಳೆ ಬಳಿದರು, ಒದ್ದೆ ಬಟ್ಟೆಯಿಂದ ಮೇಜು ಒರೆಸಿದರು. ರೂಫಸ್‌ನ ಅಕ್ಕಪಕ್ಕದವರದ್ದೂ, ರೆವರೆಂಡ್ ಅವರದ್ದೂ ತೆಗೆದರು. ಕಾಫಿ ಬಂತು. ರೂಫಸ್ ತನ್ನ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿ ಕಾದ. ಒಬ್ಬ ಹುಡುಗಿ ತಟ್ಟೆಗಳ ರಾಶಿ ಹೊತ್ತು ಹತ್ತಿರ ಬಂದಾಗ ಅದನ್ನು ಎತ್ತಿ ಹಿಡಿದ. ಅವಳು ಅವನನ್ನು ಬಳಸಿಕೊಂಡು ಆಚೆ ಹೋದಳು. ಅವನು ಕೈ ನೋಯುವವರೆಗೆ ಹಿಡಿದು ಮತ್ತೆ ಕೆಳಗಿಟ್ಟ. ಹಂದಿಯ ಕೊಬ್ಬು ತಟ್ಟೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಕೂತ ಒಂದು ನೊಣ ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿತ್ತು.