ಮರದ ಚರ್ಚಿನಲ್ಲಿ ಕೊಟ್ಟ ಲಿಂಗ

ನನ್ನ ಮಗ ಮಡಿವಾಳೆಪ್ಪ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ೧೯೭೪ರ ಚಳಿಗಾಲದಲ್ಲಿ ಫಿನ್‌ಲೆಂಡಿನ ಒಂದು ಬಂದರಿನಲ್ಲಿ ಏಣಿಯಿಂದ ಜಾರಿ ಬಿದ್ದು ತೀರಿಕೊಂಡ. ಹಡಗಿನವರು ಟಿಕೀಟು ಕಳಿಸಿದರು. ಯರಗುಪ್ಪಿ ಬಿಟ್ಟು ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಅವನು ಸತ್ತು ತಿಂಗಳಾಗಿತ್ತು. ಊರಿನವರು ಅವನನ್ನು ತಮ್ಮ ಹಳೆಯ ಚರ್ಚಿನ ಬದಿಯ ಕೋಣೆಯಲ್ಲಿ ಇಟ್ಟಿದ್ದರು. ಆ ಚಳಿಯಲ್ಲಿ ಹೆಣ ಕೆಡುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕೂಡ್ರಿಸಿ, ಹುಟ್ಟಿದಾಗಿನಿಂದ ಕೊರಳಲ್ಲಿದ್ದ ಅವರ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತೇವೆ. ಹೊರಡುವಾಗ ನನ್ನ ಹೆಂಡತಿ ಗೌರಕ್ಕ ಕೇಳಿದ್ದು ಅದೊಂದೇ. "ಅವನ್ನ ಕುಂದರಿಸಿ, ಕೈಯಾಗ ಲಿಂಗಾ ಇಟ್ಟು ಬರ್ರಿ."

ಚರ್ಚು ಪೂರ್ತಿ ಮರದ್ದು, ಮುನ್ನೂರು ವರ್ಷದ್ದಂತೆ. ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿದ ಗೋಡೆ, ಡಾಂಬರಿನ ವಾಸನೆ. ಒಳಮಾಡಿನ ತುಂಬ ಕಲಘಟಗಿ ತೊಟ್ಟಿಲಿನಂತೆ ಕೆಂಪು, ಹಳದಿ ಹೂಬಳ್ಳಿ ಬರೆದಿದ್ದರು. ಅದರ ಕೆಳಗೆ ತಂದಿಟ್ಟ ಉದ್ದನೆಯ ಪೆಟ್ಟಿಗೆಯಲ್ಲಿ ಮಗ ಮಲಗಿದ್ದ.

ಅದೇ ಹಡಗಿನಲ್ಲಿ ದುಡಿಯುತ್ತಿದ್ದ ಮಿಶ್ರಿಕೋಟಿಯ ದಾವೂದಸಾಬ ನನ್ನ ಜೊತೆಗಿದ್ದ.

"ಕುಂದರಸಾಕ ಆಗೂದಿಲ್ರಿ ಕಾಕಾ. ಕಟಗಿ ಆಗ್ಯಾನ. ಕಾಲ ಮುರದ ಕುಂದರಸಬೇಕಾಗ್ತೈತಿ."

ಮೊಣಕಾಲು ಮುಟ್ಟಿ ನೋಡಿದೆ. ಅವನು ಹೇಳಿದ್ದು ನಿಜ.

"ಇರ್ಲಿ. ಲಿಂಗಾ ಎಲ್ಲೈತಿ?"

ಅವನು ಮೇಲಿನ ಹೂಬಳ್ಳಿ ನೋಡುತ್ತ ನಿಂತ. "ಸಮುದ್ರಕ್ಕ ಬಿಟ್ಟಾನ್ರಿ. ಎರಡ ವರ್ಷಾತು."

"ಬಿತ್ತೇನು?"

"ಇಲ್ರಿ, ತಾನ ಬಿಟ್ಟ. ನನಗ ಬ್ಯಾಡ ಅಂದ. ಲೇ, ನಿಮ್ಮಪ್ಪ ಕೇಳಿದ್ರ ಏನ್ ಹೇಳ್ತಿ ಅಂತ ಬೈದೆ. ನೀ ಯಾವ ಮಠದ ಸ್ವಾಮಿಯೋ ಸಾಬಾ ಅಂತ ನಕ್ಕ."

ನಾನು ಬೆಂಚಿನ ಮೇಲೆ ಕೂತೆ. ಪಾದ್ರಿ ಟೊಪ್ಪಿಗೆ ಹಿಡಿದು ಕಾಯುತ್ತಿದ್ದ. ಹೊರಗೆ ಕುಣಿ ತೋಡುವವರು ಹಿಂದಿನ ದಿನದಿಂದ ಇದ್ದಿಲ ಬೆಂಕಿ ಹಾಕಿ ಹೆಪ್ಪುಗಟ್ಟಿದ ನೆಲವನ್ನು ಮೆತ್ತಗೆ ಮಾಡಿದ್ದರು. ತಡಮಾಡಿದರೆ ಮತ್ತೆ ಗಟ್ಟಿಯಾಗುತ್ತಿತ್ತು.

ನನ್ನ ಕೊರಳಿನ ಲಿಂಗವನ್ನು ತೆಗೆದೆ. ಅರವತ್ತೊಂದು ವರ್ಷ ನನ್ನ ಮೈ ಬಿಟ್ಟಿರಲಿಲ್ಲ.

"ಕಾಕಾ, ಅವ ಬ್ಯಾಡ ಅಂದಿದ್ದ."

"ಅವರವ್ವ ಬೇಕು ಅಂದಾಳ."

ಮಗನ ಬೆರಳು ಬಿಚ್ಚಲಿಲ್ಲ. ಧೋತರದ ಅಂಚು ಹರಿದು ಲಿಂಗವನ್ನು ಮುಷ್ಟಿಯ ಮೇಲೇ ಕಟ್ಟಿದೆ. ವಿಭೂತಿ ಹಣೆಗೆ ಹತ್ತದೆ ಉದುರಿತು. ಒಲ್ಲೆ ಎಂದವನ ಕೈ ಕಟ್ಟಿದಂತೆ ಕಂಡಿತು. ಆದರೂ ನಾನು ಗಂಟು ಬಿಚ್ಚಲಿಲ್ಲ. ಪಾದ್ರಿ ತನ್ನ ಪ್ರಾರ್ಥನೆ ಹೇಳಿದ, ನಾನು ಶಿವಮಂತ್ರ ಹೇಳಿದೆ. ಮಲಗಿಸಿಯೇ ಇಳಿಸಿದರು.

ಆಮೇಲೆ ಪಾದ್ರಿಯ ಮನೆಯಲ್ಲಿ ಕಾಫಿ, ರೊಟ್ಟಿ ಮುಂದಿಟ್ಟರು. ಮೈಮೇಲೆ ಲಿಂಗವಿಲ್ಲದೆ ನಾವು ನೀರೂ ಮುಟ್ಟುವುದಿಲ್ಲ. ಊರಿಗೆ ಹೋಗಿ ಸ್ವಾಮಿಗಳಿಂದ ಹೊಸದು ಕಟ್ಟಿಸಿಕೊಳ್ಳಬೇಕು.

"ಮೂರ ದಿನದ ಹಾದಿರಿ ಕಾಕಾ," ಎಂದ ದಾವೂದಸಾಬ.

"ಗೊತ್ತೈತಿ. ನೀ ಕುಡಿ."

ನಾನು ಮುಟ್ಟದ್ದನ್ನು ನೋಡಿ, ಸಿಹಿ ಸಾಲದೆಂದು ತಿಳಿದು, ಪಾದ್ರಿಯ ಹೆಂಡತಿ ನನ್ನ ಕಪ್ಪಿಗೆ ಇನ್ನೆರಡು ತುಂಡು ಸಕ್ಕರೆ ಹಾಕಿದಳು.