ನಡುಗಂಬದ ಬಳಿ ಒಂದೇ ಕ್ಲಿಕ್ಕು

ಸ್ತಾಮೆಂಕಾ ಅಜ್ಜಿಗೆ ಬೇಕಾಗಿದ್ದದ್ದು ಒಂದೇ ಫೋಟೋ. ಮೊಮ್ಮಗನ ಮದುವೆಯ ಮಿಕ್ಕ ಫೋಟೋಗಳನ್ನೆಲ್ಲ ಫೋಟೋಗ್ರಾಫರಾಗಿ ಬಂದ ನಾನು ಬಾವಿಗೆ ಹಾಕಿದರೂ ಆಕೆಗೆ ಚಿಂತೆಯಿರಲಿಲ್ಲ. ತನ್ನ ಇಬ್ಬರು ಗಂಡುಮಕ್ಕಳು ಅಕ್ಕಪಕ್ಕ ನಿಂತಿರಬೇಕು, ಇಬ್ಬರ ಮುಖವೂ ಕಾಣಬೇಕು, ಅದು ಅಡುಗೆಮನೆಯ ಗೋಡೆಗೆ ಹೋಗಬೇಕು. ಸದ್ಯಕ್ಕೆ ಆ ಗೋಡೆಯ ಮೇಲೆ ದೊಡ್ಡವ ವೂಕೊಮಾನ್ ಒಲೆಯ ಬಲಕ್ಕೂ ಚಿಕ್ಕವ ರಾಡಿಸಾವ್ ಎಡಕ್ಕೂ ಬೇರೆಬೇರೆ ಚೌಕಟ್ಟಿನಲ್ಲಿ ತೂಗುತ್ತಿದ್ದರು. ಒಬ್ಬನ ಚೌಕಟ್ಟು ಇನ್ನೊಬ್ಬನದಕ್ಕಿಂತ ಕೊಂಚ ಮೇಲಿದೆಯೆಂದು ರಂಪವಾಗಿ, ಆಕೆ ಬಡಗಿಯನ್ನು ಕರೆಸಿ ಮಟ್ಟ ಹಿಡಿಸಿ ಸರಿಮಾಡಿಸಿದ್ದಳಂತೆ.

ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷಕ್ಕೆ ಮೇಲಾಗಿತ್ತು. ಕಾರಣ, ಇಬ್ಬರ ಹಿತ್ತಲಿನ ನಡುವೆ ಇದ್ದ ಒಂದು ಪ್ಲಮ್ ಮರ. ಅದು ಯಾರ ಕಡೆ ಹುಟ್ಟಿತು, ಯಾರ ಕಡೆ ವಾಲಿತು ಅನ್ನುವುದು ಕೋರ್ಟಿನಲ್ಲಿ ತೀರ್ಮಾನವಾಗುವಷ್ಟರಲ್ಲಿ ಮರವೇ ಒಣಗಿ ಸತ್ತಿತ್ತು. ಜಗಳದ ಆರೋಗ್ಯ ಮಾತ್ರ ಚೆನ್ನಾಗಿತ್ತು. ನಮ್ಮ ಶುಮಾದಿಯಾ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಗಡಿಯ ಜಗಳವಿಲ್ಲದ ಮನೆಯನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ.

ಮದುವೆ ವೂಕೊಮಾನನ ಮಗನದು. ಶಾಮಿಯಾನ ಹಾಕುವಷ್ಟು ಸಮತಟ್ಟು ಜಾಗ ಅವನೊಬ್ಬನ ಅಂಗಳದಲ್ಲಿ ಇರಲಿಲ್ಲ. ಪಾದ್ರಿಯ ಮೂಲಕ ರಾಡಿಸಾವ್‌ನ ಒಪ್ಪಿಗೆ ಪಡೆದು, ಬೇಲಿ ಕಿತ್ತು, ಎರಡೂ ಅಂಗಳಕ್ಕೆ ಸೇರುವಂತೆ ಹಾಕಿದ್ದರು. ಬೇಲಿ ಹೋದರೂ ಗೆರೆ ಹೋಗಿರಲಿಲ್ಲ. ರಾಡಿಸಾವ್ ಮನೆಯವರು ತಮ್ಮ ನೆಲದ ಮೇಲೆ ಕೂತು ಅಣ್ಣನ ಮನೆಯ ಹಂದಿ ರೋಸ್ಟು ತಿನ್ನುತ್ತಿದ್ದರು. ಇಬ್ಬರೂ ಪಕ್ಕಪಕ್ಕ ನಿಲ್ಲಬಹುದಾದ ಜಾಗವೆಂದರೆ ಸರಿಯಾಗಿ ಗಡಿಯ ಮೇಲೆ ನೆಟ್ಟ ನಡುಗಂಬದ ಬುಡ ಮಾತ್ರ. ಇಡೀ ಶಾಮಿಯಾನದಲ್ಲಿ ಅತ್ಯಂತ ಕತ್ತಲ ಜಾಗವೂ ಅದೇ. ಅಲ್ಲಿ ಟೋಪಿ ಹಾಕಿಕೊಂಡು ನಿಂತವರ ಮುಖ ಇದ್ದಿಲಿನ ಹಾಗೆ ಕಾಣುತ್ತಿತ್ತು. ಚರ್ಚಿನಿಂದ ಬಂದ ಮೇಲೆ ಒಂದೇ ಒಂದು ಕ್ಲಿಕ್ಕಿಗೆ ನಿಲ್ಲುತ್ತೇನೆ, ಎರಡನೆಯದಕ್ಕೆ ಇರುವುದಿಲ್ಲ ಎಂದು ರಾಡಿಸಾವ್ ತಾಯಿಗೆ ಮಾತು ಕೊಟ್ಟಿದ್ದ.

ಹಾಗಾಗಿ ಎಲ್ಲವೂ ನನ್ನ ಫ್ಲ್ಯಾಶಿನ ಮೇಲೆ ನಿಂತಿತ್ತು. ಅದನ್ನು ಸ್ಟ್ಯಾಂಡಿಗೆ ಏರಿಸಿ ಮೂಲೆಯಲ್ಲಿ ನಿಲ್ಲಿಸಿದ್ದೆ. ದೂರದಿಂದ ರೇಡಿಯೋ ಮೂಲಕ ಅದನ್ನು ಹೊತ್ತಿಸುವ ಪುಟ್ಟ ಡಬ್ಬಿಯೂ ನನ್ನಲ್ಲಿತ್ತು. ಆದರೆ ಆ ವಾರ ಮಕ್ಕಳ ಬಟ್ಟೆಯ ಜೊತೆ ನನ್ನ ಕೆಲಸದ ಜಾಕೆಟ್ಟೂ ವಾಷಿಂಗ್ ಮೆಷಿನ್ನಿಗೆ ಹೋಗಿ, ಡಬ್ಬಿ ಜೇಬಿನಲ್ಲೇ ಒಗೆಸಿಕೊಂಡು, ಲ್ಯಾವೆಂಡರ್ ಪರಿಮಳ ಸೂಸುತ್ತ ತೀರಿಕೊಂಡಿತ್ತು. ಉಳಿದದ್ದು ಹಳೆಯ ದಾರಿ: ಫ್ಲ್ಯಾಶಿನ ಎದೆಯ ಮೇಲೆ ಒಂದು ಸಣ್ಣ ಕೆಂಪು ಕಣ್ಣಿದೆ. ಕ್ಯಾಮೆರಾದ ಚಿಕ್ಕ ಬೆಳಕು ಮಿಂಚಿದ್ದು ಆ ಕಣ್ಣಿಗೆ ಕಂಡರೆ ದೊಡ್ಡ ಫ್ಲ್ಯಾಶೂ ಮಿಂಚುತ್ತದೆ. ಬೆಳಿಗ್ಗೆ ಪರೀಕ್ಷೆ ಮಾಡಿದಾಗ ಒಂದು ಸಲವೂ ತಪ್ಪಿರಲಿಲ್ಲ.

ಚರ್ಚಿನಿಂದ ಬಂದು ನೋಡಿದರೆ ಫ್ಲ್ಯಾಶಿಗೆ ಟವೆಲು ಕಟ್ಟಿತ್ತು. ನಮ್ಮಲ್ಲಿ ಮದುವೆಯ ಕೆಲಸಕ್ಕೆ ನಿಂತವರಿಗೆಲ್ಲ ಕಸೂತಿ ಟವೆಲು ಹೊದಿಸಿ ಗೌರವಿಸುತ್ತಾರೆ: ಬಾವುಟ ಹಿಡಿದವನಿಗೆ, ಅಕಾರ್ಡಿಯನ್ ಬಾರಿಸುವವನಿಗೆ, ಕುದುರೆಗೆ, ಕಾರಿನ ಕನ್ನಡಿಗೆ. ನನ್ನ ಹೆಗಲ ಮೇಲೂ ಒಂದಿತ್ತು. ಬೆಳಗಿನಿಂದ ಕೂರದೆ, ಕುಡಿಯದೆ ಮೂಲೆಯಲ್ಲಿ ನಿಂತವನಿಗೆ ಯಾರೂ ಮರ್ಯಾದೆ ಮಾಡಿಲ್ಲವಲ್ಲ ಎಂದು ಅಜ್ಜಿಗೆ ಕಸಿವಿಸಿಯಾಗಿ, ತಾನೇ ಹೊಲಿದದ್ದನ್ನು ಅದರ ಕೊರಳಿಗೆ ಸುತ್ತಿದ್ದಳು. ಚಂದವಾಗಿಯೇ ಕಂಡಿತು. ಎಲ್ಲೆಲ್ಲೂ ಟವೆಲುಗಳೇ ತೂಗುತ್ತಿದ್ದುದರಿಂದ ನಾನು ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಆಮೇಲೆ ಫ್ಲ್ಯಾಶು ಮನಸ್ಸು ಬಂದಾಗ ಮಿಂಚುವುದಕ್ಕೆ ಶುರು ಮಾಡಿತು. ಕೇಕಿಗೆ ಮಿಂಚಿತು, ವಧುವಿಗೆ ಮಿಂಚಲಿಲ್ಲ. ಪಾದ್ರಿ ಆಕಳಿಸಿದಾಗ ಮಾತ್ರ ಅಚ್ಚುಕಟ್ಟಾಗಿ ಮಿಂಚಿತು. ನನಗೆ ಮೊದಲು ಅನುಮಾನ ಬಂದದ್ದು ನನ್ನ ಮಗನ ಮೇಲೆ. ಆಟಿಕೆ ರೈಲಿನ ಸತ್ತ ಬ್ಯಾಟರಿಯನ್ನು ನನ್ನ ಚೀಲಕ್ಕೂ, ನನ್ನದನ್ನು ರೈಲಿಗೂ ಹಾಕಿದ ಇತಿಹಾಸ ಅವನಿಗಿದೆ. ಹೊಸ ಬ್ಯಾಟರಿ ಹಾಕಿದೆ. ಅದೇ ಕಥೆ. ಅಷ್ಟರಲ್ಲಿ ಅಣ್ಣತಮ್ಮಂದಿರು ನಡುಗಂಬದ ಎರಡು ಬದಿಗೆ ಬಂದು, ಮಧ್ಯೆ ಇನ್ನೊಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ನಿಂತುಬಿಟ್ಟರು. ಕ್ಲಿಕ್ಕಿಸಿದೆ. ಮೂಲೆ ಕತ್ತಲಾಗಿಯೇ ಇತ್ತು.

ಆಯ್ತಲ್ಲ, ಎಂದು ರಾಡಿಸಾವ್ ಹೊರಟ. ಬೆಳಕು ಬಾರದ ಕ್ಲಿಕ್ಕು ಲೆಕ್ಕಕ್ಕಿಲ್ಲ ಎಂದು ಅಜ್ಜಿ ಅವನ ತೋಳು ಹಿಡಿದಳು. ಮುಂದಿನ ಕ್ಲಿಕ್ಕೂ ಹಾಗೇ ಆದಾಗ ಜನ ಊಟ ಬಿಟ್ಟು ಸುತ್ತ ನೆರೆದರು. ನಮ್ಮೂರಲ್ಲಿ ಏನಾದರೂ ಕೆಟ್ಟರೆ ಅದರ ತಜ್ಞರು ಅಲ್ಲೇ ನೆಲದಿಂದ ಮೊಳೆಯುತ್ತಾರೆ. ಮದುವೆಯ ಸಾಕ್ಷಿಯಾಗಿದ್ದ ನೆಬೊಯ್ಶಾ, ಅಂದರೆ ಅವತ್ತಿನ ಮಟ್ಟಿಗೆ ಯಾರೂ ಎದುರು ಮಾತಾಡಬಾರದಂಥ ಮನುಷ್ಯ, ಫ್ಲ್ಯಾಶಿಗೆ ಎರಡು ತಟ್ಟಿ, ಯಾರದೋ ದೃಷ್ಟಿ ತಾಕಿದೆ ಎಂದ. ಇನ್ನೊಬ್ಬ ಅದರ ಕಾಲಿಗೆ ಒಂದು ಗುಟುಕು ರಾಕಿಯಾ ಸಾರಾಯಿ ಸುರಿದ. ವಿದ್ಯುತ್ ಕಚೇರಿಯಿಂದ ನಿವೃತ್ತನಾದ ವೂಕೊಮಾನ್, ಇದು ವೋಲ್ಟೇಜಿನ ಸಮಸ್ಯೆ ಎಂದು ತೀರ್ಪು ಕೊಟ್ಟ. ಅದಕ್ಕೆ ವೈರೇ ಇಲ್ಲ ಎಂದು ನಾನು ಹೇಳಿದೆ. ಅದೇ ಸಮಸ್ಯೆ, ಎಂದ.

ರಾಡಿಸಾವ್ ಕಂಬದ ಆ ಬದಿಯಿಂದ ನನ್ನನ್ನೇ ನೋಡುತ್ತ ಹೇಳಿದ: "ಅವನಿಗೆ ಹೇಳಮ್ಮ. ಅವನು ಕಚೇರೀಲಿ ಇದ್ದಷ್ಟು ದಿನ ಈ ಊರಿಗೆ ಕರೆಂಟ್ ಬಂದಿದ್ದೇ ಕಮ್ಮಿ."

"ಅವನಿಗೂ ಹೇಳು," ಎಂದ ವೂಕೊಮಾನ್. "ವಿಯೆನ್ನಾದಲ್ಲಿ ಇಟ್ಟಿಗೆ ಹೊತ್ತೋರು ಇಟ್ಟಿಗೆ ಬಗ್ಗೆ ಮಾತಾಡ್ಲಿ."

ಮನೆಯಲ್ಲೂ ನನಗೆ ಇಬ್ಬರ ನಡುವೆ ನಿಲ್ಲುವ ಇದೇ ಕೆಲಸ; ಅಲ್ಲಿ ಮಕ್ಕಳ ವಯಸ್ಸು ಮಾತ್ರ ಬೇರೆ, ಏಳು ಮತ್ತು ಒಂಬತ್ತು. ಕೆಲಸವಿಲ್ಲದಿದ್ದರೆ ತಾನಾಗಿ ಆರುವ ಫ್ಲ್ಯಾಶು ನಿದ್ದೆಹೋಗುತ್ತಿದೆಯೇ ಎಂದು ನೋಡಿದೆ, ಎಚ್ಚರವಾಗಿತ್ತು. ಬುಡದ ಸ್ಕ್ರೂ ಬಿಗಿಮಾಡಿದೆ. ಸ್ಟ್ಯಾಂಡನ್ನು ಹತ್ತಿರ ತಂದೆ. ಒಮ್ಮೆ ಮಿಂಚಿತು, ಒಮ್ಮೆ ಇಲ್ಲ, ಮತ್ತೆ ಇಲ್ಲ.

ಆಗ ರಾಡಿಸಾವ್ ಕುತ್ತಿಗೆ ಸವರಿಕೊಂಡು, ಶಾಮಿಯಾನದ ಎರಡು ತುದಿಗಳಲ್ಲೂ ಮೇಲೆತ್ತಿ ಕಟ್ಟಿದ್ದ ಪರದೆಗಳನ್ನು ನೋಡಿ, "ಪ್ರೊಮಾಯಾ" ಎಂದ.

ಎದುರುಬದುರು ಬಾಗಿಲು ತೆರೆದಿದ್ದಾಗ ಮನೆಯೊಳಗೆ ನುಗ್ಗುವ ಗಾಳಿ ಅದು. ಕತ್ತು ಹಿಡಿಯುವುದು, ಹಲ್ಲುನೋವು, ಕಿವಿ ಕೆಪ್ಪಾಗುವುದು, ಮಕ್ಕಳಾಗದಿರುವುದು, ಎಲ್ಲಕ್ಕೂ ನಮ್ಮಲ್ಲಿ ಅದೇ ಕಾರಣ. ಯಂತ್ರಗಳಿಗೆ ಮಾತ್ರ ವಿನಾಯಿತಿಯಿದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ.

"ಅದನ್ನೇ ನಾನೂ ಹೇಳೋಣ ಅಂತಿದ್ದೆ," ಎಂದ ವೂಕೊಮಾನ್, ನೇರವಾಗಿ ತಮ್ಮನಿಗೆ.

ಅಕಾರ್ಡಿಯನ್ ನಿಂತಿತು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದ ವಿಷಯಕ್ಕೆ ಅಡ್ಡ ಬರುವ ಧೈರ್ಯ ಯಾರಿಗಿದೆ? ಎರಡೂ ಕಡೆಯ ಪರದೆಗಳು ಕೆಳಗಿಳಿದವು. ಸಂದುಗಳಿಗೆ ಕುರ್ಚಿ ಒತ್ತಿದರು. ಹುರಿದ ಮಾಂಸದ ಹೊಗೆ, ಜನರ ಬೆವರು, ಎಲ್ಲ ಒಳಗೇ ಬೇಯತೊಡಗಿತು. ವಧುವಿನ ಮುಖದ ಬಣ್ಣ ಕುತ್ತಿಗೆಗೆ ಇಳಿಯಿತು. ಎಲ್ಲರೂ ತೃಪ್ತಿಯಿಂದ ಕೆಮ್ಮುತ್ತ ಫ್ಲ್ಯಾಶನ್ನು ನೋಡಿದರು.

ಫ್ಲ್ಯಾಶು ಪೂರ್ತಿ ಸತ್ತಿತು. ಮೊದಲು ಮೂರಕ್ಕೆ ಒಂದಾದರೂ ಬರುತ್ತಿದ್ದದ್ದು ಈಗ ಎಷ್ಟು ಒತ್ತಿದರೂ ಇಲ್ಲ.

ಇನ್ನೂ ಎಲ್ಲೋ ಗಾಳಿ ಬರ್ತಿದೆ ಎಂದು ಜನ ಕುರ್ಚಿಗಳ ಸಂದು ಹುಡುಕುತ್ತಿದ್ದರು. ನನಗೆ ಮಾತ್ರ ಬೆಳಗಿನಿಂದ ನಿಂತ ಕಾಲಿನ ನೋವಿನ ನಡುವೆ ಒಂದು ಯೋಚನೆ ಹೊಳೆಯಿತು: ಗಾಳಿಯಿದ್ದಾಗ ಆಗೀಗ ಮಿಂಚುತ್ತಿತ್ತು, ಗಾಳಿ ನಿಂತಾಗ ಇಲ್ಲ. ಹಾಗಾದರೆ ಗಾಳಿಗೆ ಅಲ್ಲಿ ಅಲುಗಾಡುತ್ತಿದ್ದದ್ದು ಏನು? ಆ ಸ್ಟ್ಯಾಂಡಿನಲ್ಲಿ ಅಲುಗಾಡುವಂಥದ್ದು ಒಂದೇ ಇತ್ತು. ಹತ್ತಿರ ಹೋಗಿ ಕತ್ತೆತ್ತಿ ನೋಡಿದೆ. ಟವೆಲಿನ ಅಂಚಿನಲ್ಲಿ ಅಜ್ಜಿ ದಪ್ಪ ದಾರದಿಂದ ಹೊಲಿದ ಕೆಂಪು ಹುಂಜ ಸರಿಯಾಗಿ ಆ ಪುಟ್ಟ ಕಣ್ಣಿನ ಮೇಲೆ ಕೂತಿತ್ತು. ಬೆರಳಿನಿಂದ ಹುಂಜವನ್ನು ಎತ್ತಿ ಹಿಡಿದು ಕ್ಯಾಮೆರಾ ಒತ್ತಿದೆ. ಇಡೀ ಶಾಮಿಯಾನ ಬೆಳಗಿತು.

ಇಷ್ಟು ಹೊತ್ತೂ ಅದನ್ನು ಬದುಕಿಸಿಟ್ಟಿದ್ದದ್ದು ಪ್ರೊಮಾಯಾವೇ ಎಂದು ಹೇಳುವಷ್ಟು ಮೂರ್ಖಳು ನಾನಲ್ಲ. ಟವೆಲು ಬಿಚ್ಚಬೇಕು ಎಂದಷ್ಟೇ ಹೇಳಿದೆ. ಅದೇ ದೊಡ್ಡ ತಪ್ಪಾಯಿತು.

"ಮದುವಣಗಿತ್ತಿ ಹೊಸ್ತಿಲು ದಾಟೋವರೆಗೆ ಕಟ್ಟಿದ ಟವೆಲು ಬಿಚ್ಚಲ್ಲ ಮಗಳೇ," ಎಂದಳು ಅಜ್ಜಿ. "ಬಿಚ್ಚಿದ್ರೆ ಮನೆ ಒಡೆಯುತ್ತೆ."

ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ನೆಲ ನೋಡಿದರು.

ಸ್ವಲ್ಪ ಕೆಳಗೆ ಸರಿಸಬಹುದೇ ಎಂದು ಕೇಳಿದೆ. ಸರಿಸಬೇಕಾದರೆ ಗಂಟು ಬಿಚ್ಚಬೇಕು. ಬಿಚ್ಚಿದರೆ ಬಿಚ್ಚಿದ ಹಾಗೆಯೇ. ಹಾಗಾದರೆ ಯಾರಾದರೂ ಅಂಚನ್ನು ಎತ್ತಿ ಹಿಡಿದು ನಿಲ್ಲಬೇಕು. ನೆಬೊಯ್ಶಾ ಮುಂದೆ ಬಂದ. ಅವನ ಕೈ ರಾಕಿಯಾದಿಂದ ನಡುಗುತ್ತಿತ್ತು. ಅಜ್ಜಿ ಅವನನ್ನು ಪಕ್ಕಕ್ಕೆ ತಳ್ಳಿ, ಒಂದು ಬಿಯರ್ ಕ್ರೇಟು ಎಳೆದುಕೊಂಡು ಹತ್ತಿ, ಹುಂಜದ ಕೊರಳು ಹಿಡಿದ ಹಾಗೆ ಟವೆಲು ಎತ್ತಿ ಹಿಡಿದಳು.

ರಾಡಿಸಾವ್ ಆಗಲೇ ತನ್ನ ನೆಲದ ಕಡೆ ಎರಡು ಹೆಜ್ಜೆ ಇಟ್ಟಿದ್ದ. ಮಾತು ಕೊಟ್ಟದ್ದು ಒಂದೇ ಕ್ಲಿಕ್ಕಿಗೆ, ಬೆಳಕೂ ಬಂದಾಯಿತು, ಇನ್ನೇನು ಎಂದು ಗೊಣಗುತ್ತಿದ್ದ.

"ರಾಡಿಸಾವ್, ಬಂದು ನಿಲ್ಲು. ಟೋಪಿ ತೆಗಿ," ಎಂದಳು ಅಜ್ಜಿ ಕ್ರೇಟಿನ ಮೇಲಿಂದ. ದನಿ ಏರಿಸಲಿಲ್ಲ. "ವೂಕೊಮಾನ್, ತಮ್ಮನ ಕಾಲರ್ ಮಡಚ್ಕೊಂಡಿದೆ, ಸರಿ ಮಾಡು. ನನ್ ಕೈ ನೋಯ್ತಿದೆ."

ಅರವತ್ತು ದಾಟಿದ ಮನುಷ್ಯ ಟೋಪಿ ತೆಗೆದು ಬಂದು ನಿಂತ. ವೂಕೊಮಾನನ ಕೈ, ಅವನು ಯೋಚಿಸುವ ಮೊದಲೇ, ತಮ್ಮನ ಕೊರಳಿಗೆ ಹೋಯಿತು. ಅದೇ ಹೊತ್ತಿಗೆ ಕ್ಯಾಮೆರಾ ಒತ್ತಿದೆ.

ಒಂದೇ ಕ್ಲಿಕ್ಕು. ಒಬ್ಬನ ಕೈ ಇನ್ನೊಬ್ಬನ ಕಾಲರಿನ ಮೇಲೆ. ಇಬ್ಬರೂ ತಾಯಿಯ ಕಡೆ ನೋಡುತ್ತಿದ್ದಾರೆ, ಕಿಟಕಿ ಗಾಜು ಒಡೆದು ಸಿಕ್ಕಿಬಿದ್ದ ಹುಡುಗರ ಮುಖದಲ್ಲಿ. ನೆರಳು ಎಲ್ಲೂ ಇಲ್ಲ.

ಪರದೆಗಳನ್ನು ಎತ್ತುವಷ್ಟರಲ್ಲಿ ಜಗಳ ಮತ್ತೆ ಹತ್ತಿಕೊಂಡಿತ್ತು. ಪರದೆ ಮುಚ್ಚಿದ್ದರಿಂದಲೇ ಫ್ಲ್ಯಾಶು ಸರಿಹೋಯಿತು ಎನ್ನುವುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಪ್ರೊಮಾಯಾ ಎಂದು ಮೊದಲು ಕಂಡುಹಿಡಿದವರು ಯಾರು ಎನ್ನುವುದಷ್ಟೇ ತಕರಾರು. ಆದರೆ ಈ ಜಗಳಕ್ಕೆ ನಡುವೆ ಪಾದ್ರಿ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ. ಮುಖಕ್ಕೆ ಮುಖ ಕೊಟ್ಟು, ಒಂದೇ ಬಾಟಲಿಯಿಂದ ಸುರಿದುಕೊಂಡು ಆಡುತ್ತಿದ್ದರು.

ಆಮೇಲೊಂದು ದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಫೋಟೋಗೆ ಕಟ್ಟು ಹಾಕಿಸಿ ಅಜ್ಜಿಗೆ ಒಯ್ದುಕೊಟ್ಟೆ. ಆಕೆ ಏಪ್ರನ್ನಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದಳು. ಟವೆಲು ಕಾಣೋದೇ ಇಲ್ವಲ್ಲ, ಎಂದಳು. ಟವೆಲು ಕ್ಯಾಮೆರಾದ ಈಚೆ ಬದಿಯಲ್ಲಿತ್ತು ಎಂದು ವಿವರಿಸಿದೆ. ಹೋಗಲಿ ಬಿಡು ಎಂದು ಒಲೆಯ ಮೇಲೆ, ನಟ್ಟನಡುವೆ ತೂಗುಹಾಕಿಸಿದಳು.

ಬಲಕ್ಕೂ ಎಡಕ್ಕೂ ಇದ್ದ ಹಳೆಯ ಚೌಕಟ್ಟುಗಳನ್ನು ಇಳಿಸಲೇ ಎಂದು ಕೇಳಿದೆ. ಹೊರಗೆ ಅಂಗಳದಲ್ಲಿ ಇಬ್ಬರ ದನಿಯೂ ಏರುತ್ತಿತ್ತು. ಆಕೆ ಒಂದು ಕ್ಷಣ ಕಿವಿಗೊಟ್ಟಳು.

"ಇರ್ಲಿ," ಎಂದಳು. "ಇವರನ್ನ ನಂಬಕ್ಕಾಗಲ್ಲ."