ಪಟ್ಟೆಯಿಲ್ಲದ ಚಿಟ್ಟೆ

ರೆಕ್ಕೆ ಮುಚ್ಚಿಯೇ ಕುಳಿತಿದೆ, ಒಣಗಿದ ಎಲೆಯ ಹಾಗೆ, ಮರದ ಕಾಂಡಕ್ಕೆ ಅಂಟಿಕೊಂಡು, ಫೋನು ಅಷ್ಟು ಜೋರಾಗಿ ಹೊಡೆದುಕೊಂಡರೂ ಅಲುಗಲಿಲ್ಲ — ದೊಡ್ಡಮ್ಮಾ, ಎಲ್ಲಿದ್ದೀರಿ, ಅಮ್ಮ ಹೋಗಿಬಿಟ್ರು, ಈಗಷ್ಟೇ, ನಿದ್ದೇಲೇ — ತಂಗಿಯ ಮಗಳ ದನಿ, ಅದಕ್ಕೆ ಇನ್ನೂ ಅಳು ಬಂದಿರಲಿಲ್ಲ, ಬರುತ್ತೇನೆ ಮಗಳೇ ಎಂದೆ, ಫೋನನ್ನು ಚೀಲಕ್ಕೆ ಹಾಕಿದೆ, ಕಾಲು ಮಾತ್ರ ಏಳಲಿಲ್ಲ. ಹೋಗಬೇಕು, ಕಾಡಿನ ಅಂಚಿಗೆ ನಡೆದರೆ ಬಸ್ಸು ಸಿಗುತ್ತದೆ, ಆಸ್ಪತ್ರೆ ದೂರವೇನಲ್ಲ. ಬೆಳಗ್ಗೆ ತಂಗಿಯೇ ಕಳಿಸಿದಳು, ಇಲ್ಲಿ ಕೂತು ನನ್ನ ಮುಖದಲ್ಲಿ ಏನು ಹುಡುಕ್ತೀಯ, ಬಿಸಿಲು ಬಂದಿದೆ, ಹೋಗಿ ಅದನ್ನ ನೋಡ್ಕೊಂಡು ಬಾ, ನಾನೇನು ಎದ್ದು ಓಡಿಹೋಗಲ್ಲ — ದಿಂಬು ಸರಿಮಾಡಿ ಬಂದೆ, ಕಿಟಕಿಯ ಪರದೆ ಅರ್ಧ ಸರಿದಿತ್ತು, ಅವಳ ಕೈ ತಣ್ಣಗಿತ್ತು, ಅದು ಯಾವಾಗಲೂ ತಣ್ಣಗೇ. ಮೊನ್ನೆ ಹಾಸಿಗೆ ಹಿಡಿಯುವ ಮುನ್ನ ಈ ದಾರಿಯಲ್ಲಿ ಒಬ್ಬಳೇ ಬಂದವಳಿಗೆ ಇದೇ ಕಾಂಡದ ಮೇಲೆ ಕಂಡದ್ದು ಇದು, ಈ ಕಾಡಿನ ಕಪ್ಪು ಚಿಟ್ಟೆಗಳಿಗೆಲ್ಲ ರೆಕ್ಕೆಯ ಮೇಲ್ಭಾಗದಲ್ಲಿ ಒಂದು ಬಿಳಿಪಟ್ಟೆ ಇರುತ್ತದೆ, ಇದಕ್ಕೆ ಪಟ್ಟೆಯೇ ಇಲ್ಲ ಎಂದಳು, ಮುಚ್ಚಿ ಕುಳಿತರೆ ಎಲ್ಲವೂ ಒಂದೇ, ಬಿಚ್ಚಿದರೆ ತಾನೇ ತಿಳಿಯುವುದು. ಕನ್ನಡಕ ಒರೆಸ್ಕೊಂಡು ನೋಡಿದ್ಯಾ ಎಂದೆ, ಕನ್ನಡಕ ಇರೋದು ನಿಂಗೆ, ನನ್ನ ಕಣ್ಣಿಗೇನಾಗಿದೆ ಅಕ್ಕಾ ಎಂದಳು. ಒಬ್ಬಳು ಕಂಡದ್ದು ಅರ್ಧ, ಇಬ್ಬರೂ ಕಂಡರೆ ಒಂದು, ಅದು ಚಿಟ್ಟೆ ಹುಡುಕಿ ಅಲೆಯುವ ನಮ್ಮಿಬ್ಬರ ಕಟ್ಟಳೆ, ಯಾಕೆಂದರೆ ಮುದಿ ಚಿಟ್ಟೆ ಮೋಸ ಮಾಡುತ್ತದೆ, ರೆಕ್ಕೆಯ ಪುಡಿ ಉದುರಿ ಪಟ್ಟೆ ಮಾಸಿ ಹೊಸ ಜಾತಿಯ ಹಾಗೆ ಕಾಣುತ್ತದೆ, ನಮ್ಮ ನೂಲಿನ ಅಂಗಡಿಯಲ್ಲೂ ಹಾಗೆಯೇ, ಹಳೆಯ ಅಂಗಿ ತಂದು ಇದೇ ಬಣ್ಣದ ದಾರ ಬೇಕು ಎಂದು ಹಟ ಹಿಡಿದವನಿಗೆ ಅವಳು ಬಾಗಿಲ ಬೆಳಕಿನಲ್ಲಿ ಹೊಲಿಗೆಯ ಮಡಿಕೆ ಬಿಚ್ಚಿ ತೋರಿಸುತ್ತಿದ್ದಳು, ಇದು ಬಣ್ಣ ಅಲ್ಲ ಯಜಮಾನ್ರೇ, ಬಿಸಿಲು ಕುಡಿದು ಹಿಂಗಾಗಿದೆ, ನಿಮ್ಮ ತಲೆಗೂದಲಿನ ಹಂಗೆ — ಅವನು ನಕ್ಕು ದಾರ ಕೊಂಡು ಹೋಗುತ್ತಿದ್ದ.

ಮೋಡ ಬಂತು. ಮೋಡವಿದ್ದರೆ ಬಿಚ್ಚುವುದಿಲ್ಲ. ಈಗ ಎದ್ದು ಹೋದರೆ ಅವಳು ಕಂಡದ್ದು ಅರ್ಧವಾಗಿಯೇ ಉಳಿಯುತ್ತದೆ, ನಾಳೆ ಇದು ಇಲ್ಲಿರುವುದಿಲ್ಲ, ಅಲ್ಲಿ ಆ ಹುಡುಗಿ ಒಬ್ಬಳೇ ನಿಂತಿರುತ್ತಾಳೆ, ಬೆಂಚಿನ ಪಕ್ಕ, ಯಾರನ್ನು ಏನು ಕೇಳಬೇಕೆಂದು ತಿಳಿಯದೆ, ನಾನು ಇಲ್ಲಿ ಒಂದು ಹುಳು ಮೈಮುರಿಯಲಿ ಎಂದು ಕಾಯುತ್ತಿದ್ದೇನೆ, ದೇವರೇ, ಇದು ಸರಿಯೋ ತಪ್ಪೋ ನೀನೇ ಹೇಳು, ಕಣ್ಣಲ್ಲಿ ನೀರೂ ಇಲ್ಲ, ಮೊಣಕಾಲು ಮಾತ್ರ ನೋಯುತ್ತಿದೆ. ಎಲೆಗಳ ಸಂದಿಯಿಂದ ಬಿಸಿಲು ಇಳಿಯಿತು, ಕಾಂಡದ ಮೇಲೆ, ಮೆಲ್ಲಗೆ, ಅದರ ಮೀಸೆ ಅಲುಗಿತು — ಬಿಚ್ಚಿತು. ಕಪ್ಪು. ಅಂಚಿನಿಂದ ಅಂಚಿಗೆ ಕಪ್ಪು. ಬಗ್ಗಿದೆ, ಪುಡಿ ಉದುರಿದ ಕಡೆ ಗಾಜಿನ ಹಾಗೆ ಹೊಳೆಯಬೇಕು, ಎಲ್ಲೂ ಹೊಳೆಯಲಿಲ್ಲ, ಅಂಚಿನ ಕೂದಲು ಒಂದೂ ಹರಿದಿಲ್ಲ, ಮುಟ್ಟದ ಮಖಮಲ್ಲು, ನಿನ್ನೆ ಮೊನ್ನೆ ಹುಟ್ಟಿದ ಹಾಗಿದೆ. ಹೌದು ಕಣೇ ಎಂದೆ, ಬಾಯಿಬಿಟ್ಟೇ ಎಂದೆ, ಪಕ್ಕಕ್ಕೆ ತಿರುಗಿಯೂ ಬಿಟ್ಟೆ, ಬರೀ ಪೊದೆ. ಒಡೆಯಾ, ಅವಳು ಈಗ ನಿನ್ನ ಹತ್ತಿರ ಬಂದಿದ್ದಾಳೆ, ಎದುರು ಮಾತಾಡುತ್ತಾಳೆ, ಸಹಿಸಿಕೋ, ಅಕ್ಕನೂ ಕಂಡಳು ಎಂದು ಹೇಳು, ಅವಳಿಗೆ ಶಾಂತಿ ಕೊಡು, ಆ ಕಪ್ಪು, ಪಟ್ಟೆಯಿಲ್ಲದ ಆ ಕಪ್ಪು, ಅವಳಿಗೆ ಶಾಂತಿ ಕೊಡು, ಆ ಕಪ್ಪು —